ಸೋರುವ ಕಣ್ಣು: ರೆಪ್ಪೆಯಂಚಿನ ರಂಧ್ರವನ್ನೂ ನೋಡಿ

ಮಾನ್ಯ ಸಂಪಾದಕರೇ,

ವಯಸ್ಸಾದವರ ಕಣ್ಣಲ್ಲಿ ಸದಾ ನೀರು ಬರುತ್ತಿದ್ದರೆ ಅದನ್ನು ಅಲರ್ಜಿಯೆಂದೋ ವಯೋಸಹಜವೆಂದೋ ತಿಳಿದು ಹನಿ ಔಷಧಿಯಲ್ಲೇ ವರ್ಷಗಳನ್ನು ಕಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ನನ್ನ ತಾಯಿಯವರ ವಿಷಯದಲ್ಲಿಯೂ ಹಾಗೆಯೇ ಆಯಿತು. ಎರಡು ವರ್ಷ ಅವರು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಒರೆಸಿ ಒರೆಸಿ ಕೆಳರೆಪ್ಪೆಯ ಚರ್ಮ ಕೆಂಪಗೆ ಸುಲಿದಿತ್ತು. ಪತ್ರಿಕೆ ಹಿಡಿದರೆ ನಾಲ್ಕು ಸಾಲಿಗೊಮ್ಮೆ ಕನ್ನಡಕ ತೆಗೆಯಬೇಕಾಗುತ್ತಿತ್ತು. ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಒಂದು ಆಸ್ಪತ್ರೆಯಲ್ಲಿ ಮಾಡಿದ ಸಿರಿಂಜಿಂಗ್ (ಕಣ್ಣೀರಿನ ನಾಳಕ್ಕೆ ನೀರು ಬಿಟ್ಟು ನೋಡುವ) ಪರೀಕ್ಷೆಯ ಚೀಟಿಯಲ್ಲಿ ‘ನಾಳ ತೆರೆದಿದೆ’ ಎಂದಿದ್ದುದರಿಂದ ನಾವೂ ಆ ಬಗ್ಗೆ ಮತ್ತೆ ಕೇಳಲಿಲ್ಲ.

ಆ ಚೀಟಿ ಸುಳ್ಳಲ್ಲ, ಆದರೆ ಅಪೂರ್ಣ. ಕಣ್ಣೀರು ಮೂಗಿಗೆ ಇಳಿಯುವ ದಾರಿ ಆರಂಭವಾಗುವುದು ಮೇಲಿನ ಮತ್ತು ಕೆಳಗಿನ ರೆಪ್ಪೆಗಳ ಅಂಚಿನಲ್ಲಿ, ಮೂಗಿನ ಕಡೆಗಿರುವ ಒಂದೊಂದು ಸಣ್ಣ ರಂಧ್ರದಿಂದ. ವೈದ್ಯರು ಪಂಕ್ಟಮ್ ಎನ್ನುವ ಈ ರಂಧ್ರದ ಅಗಲ ಸುಮಾರು 0.3 ಮಿಲಿಮೀಟರ್ ಮಾತ್ರ. ಅದು ಕಿರಿದಾಗಿದ್ದರೆ ಸಿರಿಂಜಿನ ತೂರುನಳಿಕೆ ಒಳಗೆ ಹೋಗುವುದಿಲ್ಲವಾದ್ದರಿಂದ, ಮೊದಲು ಮೊನಚಾದ ಕಡ್ಡಿಯಂಥ ಸಾಧನದಿಂದ ಅದನ್ನು ಹಿಗ್ಗಿಸಿ, ಆಮೇಲೆ ಲವಣದ ನೀರು ಬಿಟ್ಟು, ರೋಗಿ ‘ಗಂಟಲಿಗೆ ಉಪ್ಪುಪ್ಪಾಗಿ ಬಂತು’ ಎಂದೊಡನೆ ನಾಳ ಸರಿಯಿದೆಯೆಂದು ಬರೆಯುತ್ತಾರೆ. ಹಿಗ್ಗಿಸಬೇಕಾಯಿತು ಎಂಬ ಮುಖ್ಯ ಸಂಗತಿ ದಾಖಲಾಗದೆ ಹೋಗುತ್ತದೆ. ಕೆಲವೇ ದಿನಗಳಲ್ಲಿ ರಂಧ್ರ ಮತ್ತೆ ಮುಚ್ಚಿಕೊಳ್ಳುತ್ತದೆ, ನೀರು ಕೆನ್ನೆಯ ಮೇಲೆ ಇಳಿಯುತ್ತಲೇ ಇರುತ್ತದೆ.

ಕೊನೆಗೆ ಇನ್ನೊಬ್ಬ ವೈದ್ಯರು, ಕಣ್ಣನ್ನು ದೊಡ್ಡದಾಗಿಸಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ಮುಂದೆ ತಾಯಿಯವರನ್ನು ಕೂರಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ತುಸು ಹೊರಕ್ಕೆ ಎಳೆದು ನೋಡಿದರು. ರಂಧ್ರವಿರಬೇಕಾದ ಕಡೆ ಬಿಳಿಚಿಕೊಂಡ ಒಂದು ಚುಕ್ಕೆಯಷ್ಟೇ ಇತ್ತು. ರೆಪ್ಪೆಯಂಚಿನ ದೀರ್ಘಕಾಲದ ಉರಿಯೂತ, ವೃದ್ಧಾಪ್ಯದಲ್ಲಿ ರೆಪ್ಪೆ ಜೋತು ಹೊರಕ್ಕೆ ಮಗುಚುವುದು, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಕಾಯಿಲೆಗೆ ವರ್ಷಗಟ್ಟಲೆ ಹಾಕುವ ಹನಿಗಳು, ಇವೆಲ್ಲ ಇದಕ್ಕೆ ಕಾರಣವಾಗಬಲ್ಲವು. (ಹಾಗೆಂದು ಗ್ಲಾಕೋಮಾದ ಹನಿಗಳನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು, ದೃಷ್ಟಿಯೇ ಹೋದೀತು.) ಸ್ತನ ಕ್ಯಾನ್ಸರಿಗೆ ಡೋಸಿಟ್ಯಾಕ್ಸೆಲ್ ಎಂಬ ಕಿಮೋಥೆರಪಿ ಔಷಧಿ ಪಡೆಯುವವರು, ಅದರಲ್ಲೂ ವಾರಕ್ಕೊಮ್ಮೆ ಪಡೆಯುವವರು, ಕಣ್ಣಲ್ಲಿ ನೀರು ಬರತೊಡಗಿದರೆ ಕೂಡಲೇ ವೈದ್ಯರಿಗೆ ಹೇಳಬೇಕು. ಅವರಲ್ಲಿ ರಂಧ್ರದ ಜೊತೆಗೆ ಅದರ ಹಿಂದಿನ ಸಣ್ಣ ನಾಳವೂ ಮುಚ್ಚಿಹೋಗಬಹುದು. ಬೇಗ ಗೊತ್ತಾದರೆ ಸಿಲಿಕೋನ್ ಕೊಳವೆಯಿಟ್ಟು ಅದನ್ನು ಉಳಿಸಿಕೊಳ್ಳಲು ಅವಕಾಶವಿದೆ.

ಚಿಕಿತ್ಸೆ ದೊಡ್ಡದಲ್ಲ. ಉರಿಯೂತವಿದ್ದರೆ ಮೊದಲು ಬಿಸಿ ಬಟ್ಟೆಯ ಶಾಖ ಮತ್ತು ರೆಪ್ಪೆಯಂಚಿನ ಶುಚಿತ್ವದಿಂದ ಅದನ್ನು ಹತೋಟಿಗೆ ತರುತ್ತಾರೆ. ಬರಿದೇ ಹಿಗ್ಗಿಸಿದರೆ ರಂಧ್ರ ಮತ್ತೆ ಕಿರಿದಾಗುವುದೇ ಹೆಚ್ಚು. ನನ್ನ ತಾಯಿಯವರಿಗೂ ತಿಂಗಳೊಳಗೆ ಹಾಗಾಯಿತು. ಆಮೇಲೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ರಂಧ್ರದ ಹಿಂಬದಿಯ ಗೋಡೆಯಿಂದ ಚೂರು ಅಂಗಾಂಶವನ್ನು ಪುಟ್ಟ ಕತ್ತರಿಯಿಂದ ತೆಗೆದರು. ಕೆಲವೇ ನಿಮಿಷಗಳ ಕೆಲಸ, ಅಂದೇ ಮನೆಗೆ ಬಂದೆವು. ಕೆಲವರಿಗೆ ಮತ್ತೆ ಮುಚ್ಚದಂತೆ ಕೆಲವು ವಾರ ಸಣ್ಣ ಸ್ಟೆಂಟ್ (ರಂಧ್ರವನ್ನು ತೆರೆದಿಡುವ ಸಾಧನ) ಇಡುವುದೂ ಉಂಟು. ಇದು ಹೊಸ ವಿದ್ಯೆಯೇನಲ್ಲ. ಕಣ್ಣೀರಿನ ರಂಧ್ರವನ್ನು ಕತ್ತರಿಸಿ ಅಗಲಿಸುವ ಕ್ರಮವನ್ನು ಲಂಡನ್ನಿನ ನೇತ್ರವೈದ್ಯ ವಿಲಿಯಂ ಬೌಮನ್ 1853ರಲ್ಲಿಯೇ ವಿವರಿಸಿದ್ದರು.

ಆದ್ದರಿಂದ ಆಸ್ಪತ್ರೆಗಳಲ್ಲಿಯೂ ನೇತ್ರ ಶಿಬಿರಗಳಲ್ಲಿಯೂ ಸಿರಿಂಜಿಂಗ್ ಮಾಡುವವರಲ್ಲಿ ನನ್ನ ವಿನಂತಿ ಇಷ್ಟೆ: ನೀರು ಬಿಡುವ ಮೊದಲು ರಂಧ್ರ ಹೇಗಿತ್ತು, ಅದನ್ನು ಹಿಗ್ಗಿಸಬೇಕಾಯಿತೇ ಎಂಬುದನ್ನು ಚೀಟಿಯಲ್ಲಿ ಒಂದು ಸಾಲಿನಲ್ಲಿ ಬರೆಯಲಿ. ಬರೆಯದಿದ್ದರೆ, ಜೊತೆಗೆ ಹೋದ ಮನೆಯವರು ಅಲ್ಲಿಯೇ ಕೇಳಿ ಬರೆಸಿಕೊಳ್ಳಲಿ.

– ಓರ್ವ ನಿವೃತ್ತ ಶಿಕ್ಷಕಿ, ದಾವಣಗೆರೆ