ಚೆಸ್ಟರ್‌ಫೀಲ್ಡಿನ ತಿರುಚಿದ ಶಿಖರ

ಇಂಗ್ಲೆಂಡಿನ ಡರ್ಬಿಶೈರಿನ ಚೆಸ್ಟರ್‌ಫೀಲ್ಡ್ ಹಾದುಹೋಗುವ ರೈಲಿನಲ್ಲಿ ಕಿಟಕಿ ಪಕ್ಕ ಕೂತವರ ಕಣ್ಣು ಮೊದಲು ಹೋಗುವುದು ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಚರ್ಚಿನ ಶಿಖರದ ಮೇಲೆ. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ನೆಲದಿಂದ ತುದಿಗೆ 228 ಅಡಿ. ತಿರುಚು 45 ಡಿಗ್ರಿ. ತುದಿ ಇರಬೇಕಾದ ಜಾಗದಿಂದ 9 ಅಡಿ 6 ಇಂಚು ಸರಿದಿದೆ. ಸೈತಾನನ ಕಾಲಿಗೆ ಕಮ್ಮಾರ ಲಾಳ ಹೊಡೆದಾಗ ಸೈತಾನ ನೋವಿಗೆ ಶಿಖರವನ್ನು ಝಾಡಿಸಿ ಒದ್ದನಂತೆ ಎಂಬ ಕಥೆ ಊರಲ್ಲಿ ಈಗಲೂ ಇದೆ. ನಿಜವಾದ ಕಾರಣ ಮರದಲ್ಲಿದೆ, ಅದು ಕಥೆಗಿಂತ ಸ್ವಾರಸ್ಯದ್ದು.

ಚರ್ಚಿನ ಬಹುಭಾಗ 14ನೇ ಶತಮಾನದ್ದು. ಶಿಲುಬೆಯಾಕಾರದ ಕಟ್ಟಡ, ನಡುವೆ ಕಲ್ಲಿನ ಗೋಪುರ, ಅದರ ಮೇಲೆ ಸುಮಾರು 1362ರಲ್ಲಿ ಏರಿಸಿದ ಎಂಟು ಮುಖದ ಮರದ ಶಿಖರ. ಹಸಿ ಓಕ್ ಬಳಸಿದ್ದೇ ತಪ್ಪಾಯಿತು ಎಂದು ಹಲವರು ಹೇಳಿ ಮುಗಿಸುತ್ತಾರೆ. ಆದರೆ ಆ ಕಾಲದ ಬಡಗಿಗಳು ಬಳಸುತ್ತಿದ್ದುದೇ ಹಸಿ ಓಕ್. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಹಸಿ ಮರದ ಬಾಗಿಲು ಮಾಡಿಸಿದವರಿಗೆ ಗೊತ್ತು, ಒಣಗಿದ ಮೇಲೆ ಅದು ಚೌಕಟ್ಟಿಗೆ ಕೂರುವುದಿಲ್ಲ. ಓಕ್ ಉದ್ದದಲ್ಲಿ ಬಹುತೇಕ ಕುಗ್ಗದು, ಅಗಲದಲ್ಲಿ ನೂರಕ್ಕೆ 4ರಿಂದ 8ರಷ್ಟು ಕುಗ್ಗುತ್ತದೆ. 30 ಸೆಂಟಿಮೀಟರ್ ಅಗಲದ ತೊಲೆಯಲ್ಲಿ ಒಂದೆರಡು ಸೆಂಟಿಮೀಟರ್ ಹೋಯಿತು. ಕೀಲು ಸಡಿಲವಾಯಿತು. ಚೌಕಟ್ಟನ್ನು ಓರೆಯಾಗಿ ಬಿಗಿಹಿಡಿಯುವ ಓರೆಪಟ್ಟಿಗಳು ಸಾಕಷ್ಟಿದ್ದರೆ ಚೌಕಟ್ಟು ಅದನ್ನು ತಡೆದುಕೊಳ್ಳುತ್ತದೆ. ಇಲ್ಲಿ ಕೊರತೆಯಾದದ್ದು ಅದೇ. 1348-49ರ ಪ್ಲೇಗ್ ನುರಿತ ಬಡಗಿಗಳನ್ನು ಕೊಂಡೊಯ್ದದ್ದೇ ಇದಕ್ಕೆ ಕಾರಣವಿರಬಹುದು ಎಂಬುದು ಊಹೆ, ದಾಖಲೆಯಲ್ಲ.

ಅದರ ಮೇಲೆ ಸುಮಾರು 33 ಟನ್ ಸೀಸದ ಹೊದಿಕೆ. ಸೀಸ ಬಿಸಿಲಿಗೆ ಬಹಳ ಹಿಗ್ಗುವ ಲೋಹ: 3 ಮೀಟರ್ ಹಾಳೆ 40 ಡಿಗ್ರಿ ಬಿಸಿಯೇರಿದರೆ ಮೂರೂವರೆ ಮಿಲಿಮೀಟರ್ ಬೆಳೆಯುತ್ತದೆ, ತಣ್ಣಗಾದಾಗ ಪೂರ್ತಿ ಹಿಂದಕ್ಕೆ ಬರುವುದೂ ಇಲ್ಲ. ಬಿಸಿಲು ದಕ್ಷಿಣದ ಮುಖಕ್ಕೆ ಹೆಚ್ಚು, ಉತ್ತರಕ್ಕೆ ಕಡಿಮೆ. ಸಡಿಲ ಚೌಕಟ್ಟಿನ ಮೇಲೆ ಈ ಏರುಪೇರಿನ ಎಳೆತ ಆರು ಶತಮಾನಕ್ಕೂ ಹೆಚ್ಚು ಕಾಲ ನಡೆದಿದೆ.

ಹೋದವರು ಸೀಸದ ಪಟ್ಟಿಗಳನ್ನು ಹತ್ತಿರದಿಂದ ನೋಡಿ. ಮೀನಿನ ಮುಳ್ಳಿನಂತೆ ಎರಡು ಕಡೆಗೂ ಓರೆಯಾಗಿ ಹಾಕಿದ್ದಾರೆ. ಹಾಗಾಗಿ ಪ್ರತಿ ಮುಖ ನಡುವೆ ಸೀಳಿದಂತಾಗಿ, ಎಂಟು ಮುಖ ಹದಿನಾರರಂತೆ ಕಾಣುತ್ತದೆ. ಇರುವ ತಿರುಚೂ ಇನ್ನಷ್ಟು ಹೆಚ್ಚು ಅನ್ನಿಸುತ್ತದೆ. ಕಣ್ಣು ಮೋಸ ಹೋಗಬಾರದೆಂದರೆ ಓರೆಗೆರೆಗಳನ್ನು ಬಿಟ್ಟು, ಬುಡದಲ್ಲಿ ಒಂದು ಮೂಲೆಯ ಅಂಚು ಹಿಡಿದು ಅದೊಂದನ್ನೇ ತುದಿವರೆಗೆ ಹಿಂಬಾಲಿಸಿ. ಆಮೇಲೆ ಚರ್ಚಿಗೆ ಒಂದು ಸುತ್ತು ಬನ್ನಿ: ಒಂದು ಕಡೆಯಿಂದ ಬರೀ ವಾಲಿದಂತೆ, ಇನ್ನೊಂದು ಕಡೆಯಿಂದ ಬರೀ ತಿರುಚಿದಂತೆ ಕಾಣುತ್ತದೆ.

ಒಳಗೆ ಹೋದಾಗ ಉತ್ತರದ ತೋಳಿನಲ್ಲಿ ಸ್ವಲ್ಪ ನಿಲ್ಲಿ. 1961ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದದ್ದು ಅಲ್ಲಿ. 1756ರ ಆರ್ಗನ್ ವಾದ್ಯ ಸುಟ್ಟುಹೋಯಿತು. ಶಿಖರ ಉಳಿಯಿತು.