ಹರಿದರೆ ಹೊಲಿದು ಕೊಡುವವರು ಯಾರು?

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಹುಬ್ಬಳ್ಳಿಯಲ್ಲಿ ಮೂರು ದಿನದ ಮಟ್ಟಿಗೆ ಒಂದು ಅಂಗಡಿ ಬಂದಿತ್ತು. ಬಿಸಾಡಿದ ವಸ್ತುಗಳಿಂದ ಮಾಡಿದ ಸಾಮಾನು ಮಾತ್ರ ಅಲ್ಲಿ ಮಾರುತ್ತಿದ್ದರು. ಫ್ಲೆಕ್ಸ್ ಬ್ಯಾನರಿನ ಚೀಲ, ಟೈರ್ ಟ್ಯೂಬಿನ ಪರ್ಸು, ಹಳೆ ಜೀನ್ಸ್ ಕತ್ತರಿಸಿ ಹೊಲಿದ ಏಪ್ರನ್, ಬಾಟಲಿ ಕೊಯ್ದು ಮಾಡಿದ ಲೋಟ, ಸೀರೆ ಚೂರುಗಳ ದಿಂಬಿನ ಕವರ್. ಜನ ಚೆನ್ನಾಗಿಯೇ ಬಂದರು. ನಾನೂ ಹೋಗಿದ್ದೆ. ಹಳೇ ಹುಬ್ಬಳ್ಳಿಯಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡವನು ನಾನು. ಬೇರೆಯವರ ಹೊಲಿಗೆ ಕಂಡರೆ ತಿರುಗಿಸಿ, ಒಳಮೈ ನೋಡದೆ ಬಿಡುವ ಜಾಯಮಾನ ನನ್ನದಲ್ಲ.

ಮೊದಲು ಬೆಲೆಯ ಮಾತು. 650 ರೂಪಾಯಿಯ ಚೀಲ ನೋಡಿ, ‘ಕಸಕ್ಕ ಇಷ್ಟು ರೊಕ್ಕ ಏನ್ರೀ?’ ಅಂತ ನಕ್ಕವರು ಬಹಳ ಮಂದಿ. ನನಗೆ ನಗು ಬರಲಿಲ್ಲ. ಫ್ಲೆಕ್ಸ್ ಪುಕ್ಕಟೆ ಸಿಗಬಹುದು, ಅದರ ಮೇಲಿನ ಕೆಲಸ ಪುಕ್ಕಟೆ ಅಲ್ಲ. ಕಂಬದ ಮೇಲೆ ಬಿಸಿಲು, ಮಳೆ ತಿಂದ ಬ್ಯಾನರ್ ಅದು. ಧೂಳು, ಅಂಟು, ತಂತಿಯ ತುಕ್ಕು ಎಲ್ಲ ಹೋಗುವ ತನಕ ತಿಕ್ಕಿ ತೊಳೆಯಬೇಕು. ಒಣಗಿದ ಮೇಲೆ, ಮಡಿಕೆ ಬಿದ್ದು ಸೀಳಿದ ಜಾಗ ಬಿಟ್ಟು ಗಟ್ಟಿ ಇದ್ದಷ್ಟೇ ಕತ್ತರಿಸಿಕೊಳ್ಳಬೇಕು. ಹೊಸ ಬಟ್ಟೆಯಾದರೆ ನಾವು ಪದರದ ಮೇಲೆ ಪದರ ಹಾಸಿ ಒಂದೇ ಸಲಕ್ಕೆ ಕತ್ತರಿಸುತ್ತೇವೆ. ಇಲ್ಲಿ ಪ್ರತಿ ತುಂಡಿನದೂ ಬೇರೆ ಲೆಕ್ಕ. ಮನೆಯಲ್ಲಿರುವ ಮಷಿನ್ ಇದಕ್ಕೆ ನಡೆಯದು. ದಪ್ಪ ಹೊಲಿಗೆಯ ಮಷಿನ್, 18 ನಂಬರಿನ ಸೂಜಿ, ನೈಲಾನ್ ದಾರ ಬೇಕು. ಬಟ್ಟೆ ಒತ್ತಿ ಹಿಡಿಯುವ ಮಷಿನ್ನಿನ ಫೂಟು ಈ ಪ್ಲಾಸ್ಟಿಕ್ಕಿನ ಮೇಲೆ ಸರಿಯುವುದಿಲ್ಲ, ಹಿಡಿದುಕೊಂಡು ನಿಂತುಬಿಡುತ್ತದೆ. ಪೌಡರ್ ಉದುರಿಸಿಕೊಂಡು ಹೊಲಿಯಬೇಕು. ಇಷ್ಟು ಮಾಡಿದ ಮೇಲೆ 650 ಜಾಸ್ತಿ ಅಲ್ಲ. ಅದರಲ್ಲಿ ಹೊಲಿದವರ ಕೈಗೆ ಎಷ್ಟು ಹೋಯಿತು ಅಂತಲೂ ಚೀಟಿಯಲ್ಲಿ ಬರೆದಿದ್ದರೆ ಚೆನ್ನಾಗಿತ್ತು, ಅದು ಬೇರೆ ಮಾತು.

ನನ್ನ ತಕರಾರು ಇನ್ನೊಂದಿದೆ. ಅಂಗಡಿ ಎತ್ತಿಕೊಂಡು ಹೋದ ಮೇಲೆ ಆ ಚೀಲಗಳು ಒಂದೊಂದಾಗಿ ನನ್ನ ಹತ್ತಿರ ಬರತೊಡಗಿದವು. ಕೆಲವಕ್ಕೆ ಜಿಪ್ ಕೈಕೊಟ್ಟಿತ್ತು, ಹೆಚ್ಚಿನವುಗಳ ಹಿಡಿಕೆಯೇ ಕಿತ್ತು ಬಂದಿತ್ತು. ಯಾಕೆ ಕಿತ್ತಿತು ಅಂತ ಟೇಲರ್ ಆದವನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಗಟ್ಟಿ ಇರಲಿ ಅಂತ ಹೊಲಿಗೆಯನ್ನು ತೀರಾ ಸಣ್ಣದಾಗಿ ಹಾಕಿದ್ದಾರೆ. ಬಟ್ಟೆಗೆ ಅದು ಸರಿ. ಸೂಜಿ ಎಳೆಗಳ ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತದೆ, ಆಮೇಲೆ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಫ್ಲೆಕ್ಸ್ ಅಂದರೆ ಪಾಲಿಯೆಸ್ಟರ್ ಜಾಲರಿಯ ಮೇಲೆ ಪಿವಿಸಿ ಮೆತ್ತಿದ ಹಾಳೆ. ಅದರಲ್ಲಿ ಬಿದ್ದ ತೂತು ಹಾಗೇ ಉಳಿಯುತ್ತದೆ. ಹತ್ತಿರ ಹತ್ತಿರ ತೂತು ಬಿದ್ದರೆ ಅಂಚೆ ಚೀಟಿಯ ಅಂಚಿನ ಹಾಗೆ ಎಳೆದಾಗ ಸರಿಯಾಗಿ ಅಲ್ಲೇ ಹರಿಯುತ್ತದೆ. ಇಲ್ಲಿ ಹೊಲಿಗೆ ಉದ್ದ ಇಡಬೇಕು. ಹಿಡಿಕೆಯ ಬುಡಕ್ಕೆ ಒಳಗಿನಿಂದ ರೆಕ್ಸಿನ್ ತುಂಡು ಕೊಡಬೇಕು. ನಾನು ಹಾಗೇ ಮಾಡಿಕೊಟ್ಟೆ. ಹಳೆ ತೂತುಗಳ ಮೇಲೆ ಮತ್ತೆ ಹೊಲಿಯುವಂತಿಲ್ಲವಲ್ಲ, ಹಾಗಾಗಿ ಹಿಡಿಕೆಯನ್ನು ಸ್ವಲ್ಪ ಕೆಳಕ್ಕೆ ಇಳಿಸಬೇಕಾಯಿತು.

ಒಂದು ಚೀಲದ ಮೇಲೆ ಯಾರೋ ನಾಯಕರ ಅರ್ಧ ಮೀಸೆ, ಪಕ್ಕದಲ್ಲಿ ‘ಹುಟ್ಟುಹಬ್ಬದ ಹಾರ್ದಿಕ’ ಅನ್ನುವಷ್ಟು ಉಳಿದಿತ್ತು. ತಂದಿದ್ದ ಅಕ್ಕಾವರು, ‘ಹೆಂಗೂ ಬಿಚ್ಚಾಕತ್ತೀರಿ, ಮೀಸಿ ಒಳಗ ಬರೂಹಂಗ ಹೊಲದು ಕೊಡ್ರಿ’ ಅಂದರು. ಪೂರ್ತಿ ಬಿಚ್ಚಿದರೆ ಚೀಲವೇ ಉಳಿಯುವುದಿಲ್ಲ ಅಂತ ಹೇಳಿ, ಮೀಸೆಯ ಮೇಲೊಂದು ಜೇಬು ಕೂಡಿಸಿ ಕಳಿಸಿದೆ.

ಬಾಳಿಕೆ ಬರುತ್ತದೆ ಅನ್ನುವುದೇ ಇಂಥ ಸಾಮಾನಿನ ದೊಡ್ಡ ಗುಣ. ಕೊಂಡವರೂ ಅದಕ್ಕೇ ಕೊಂಡಿದ್ದು. ಆದರೆ ಮಾರಿದವರು ನಾಲ್ಕನೇ ದಿನ ಊರಲ್ಲೇ ಇಲ್ಲ. ಚೀಲದ ಒಳಗೆ ವಿಳಾಸ ಇಲ್ಲ, ನಂಬರ್ ಇಲ್ಲ. ಹರಿದರೆ ಎಲ್ಲಿಗೆ ಒಯ್ಯಬೇಕು? ಎಲ್ಲ ಟೇಲರುಗಳೂ ಇದನ್ನು ಮುಟ್ಟುವುದಿಲ್ಲ, ಸೂಜಿ ಮುರಿಯುತ್ತದೆ ಅಂತ ವಾಪಸ್ ಕಳಿಸುತ್ತಾರೆ. ಆಗ ಅದು ಮತ್ತೆ ಕಸದ ಗಾಡಿಗೇ ಹೋಗಬೇಕು, ಅಲ್ವಾ?

ನಮ್ಮ ಕಡೆಯ ಕೌದಿಯನ್ನೇ ನೋಡಿ. ಹಳೆ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಕೈಯಿಂದ ಹೊಲಿದ ಹೊದಿಕೆ ಅದು. ಮೇಲಿನ ಸೀರೆ ಸವೆದರೆ ಅದರ ಮೇಲೆ ಇನ್ನೊಂದು ಸೀರೆ ಹಾಕಿ ಮತ್ತೆ ಹೊಲಿಯುತ್ತಾರೆ. ನಮ್ಮ ಮನೆಯ ಕೌದಿಯಲ್ಲಿ ನಮ್ಮ ಅವ್ವನ ಸೀರೆಗಳು ಎಷ್ಟು ಒಳಗಿವೆಯೋ ದೇವರಿಗೇ ಗೊತ್ತು. ಆ ಅಂಗಡಿಯಲ್ಲಿ ‘ಕೌದಿ ಕುಶನ್’ ಅಂತ ಇಟ್ಟಿದ್ದರು. ಚೂರುಗಳನ್ನು ಸ್ಪಂಜಿನ ಹಾಳೆಗೆ ಗಮ್ ಹಾಕಿ ಅಂಟಿಸಿ, ಮೇಲೆ ಮಷಿನ್ ಓಡಿಸಿದ್ದು. ನೋಡಲು ಚೆಂದ. ಒಂದು ಚೂರು ಹರಿದರೆ ಬಿಚ್ಚಲೂ ಆಗದು, ಒಗೆಯಲೂ ಆಗದು.

ಬೇರೆ ಕಡೆ ಈ ರಿಪೇರಿಗೆ ದಾರಿ ಕಂಡುಕೊಂಡಿದ್ದಾರೆ. ಮಗಳು ಮೊಬೈಲಿನಲ್ಲಿ ತೋರಿಸಿದಳು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫ್ರೈಟಾಗ್ ಅನ್ನುವ ಅಣ್ಣ ತಮ್ಮಂದಿರು 1993ರಲ್ಲಿ ಹಳೆ ಲಾರಿ ತಾಡಪತ್ರಿಯಿಂದ ಚೀಲ ಹೊಲಿಯಲು ಶುರು ಮಾಡಿದರಂತೆ. ಹೆಗಲ ಪಟ್ಟಿಗೆ ಕಾರಿನ ಸೀಟ್ ಬೆಲ್ಟ್, ಅಂಚಿಗೆ ಸೈಕಲ್ ಟ್ಯೂಬ್. ಅವರ ಬೆಲೆ ಕೇಳಿದರೆ ನಮ್ಮ 650 ಏನೇನೂ ಅಲ್ಲ. ಆದರೆ ಹರಿದ ಚೀಲ ತಂದರೆ ಅವರೇ ರಿಪೇರಿ ಮಾಡಿಕೊಡುತ್ತಾರೆ. ತಾಡಪತ್ರಿ ಹೊಲಿಯುವವರಿಗೆ ಹುಬ್ಬಳ್ಳಿಯಲ್ಲೇನು ಬರವೇ? ಲಾರಿ ನಿಲ್ಲುವ ಕಡೆಯೆಲ್ಲ ಇದ್ದಾರೆ. ದಪ್ಪ ಸೂಜಿಯ ಕೆಲಸದಲ್ಲಿ ನನಗಿಂತ ಅವರ ಕೈ ಗಟ್ಟಿ.

ಫ್ಲೆಕ್ಸ್ ಬಗ್ಗೆ ಇನ್ನೆರಡು ಮಾತು. ನಮ್ಮ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿದೆ. ಆದರೂ ಹಬ್ಬ, ಹುಟ್ಟುಹಬ್ಬ, ಚುನಾವಣೆ ಬಂದರೆ ಕಂಬಗಳು ತುಂಬುತ್ತವೆ. ‘ಚೀಲ ಮಾಡ್ತಾರಲ್ಲ ಬಿಡ್ರಿ’ ಅನ್ನುವ ಮಾತು ಆ ಅಂಗಡಿಯಲ್ಲೇ ನನ್ನ ಕಿವಿಗೆ ಬಿತ್ತು. ಇದು ಸರಿಯಲ್ಲ. ಪಿವಿಸಿ ಮತ್ತು ಪಾಲಿಯೆಸ್ಟರ್ ಅಂಟಿಕೊಂಡೇ ಇರುವುದರಿಂದ ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ. ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಬರುತ್ತದೆ. ಚೀಲ ಮಾಡಿದರೆ ಅದು ಕಸವಾಗುವುದು ಕೆಲವು ವರ್ಷ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಇನ್ನು, ಆ ಚೀಲದಲ್ಲಿ ಡಬ್ಬಿ ಒಯ್ಯಿರಿ, ರೊಟ್ಟಿಯನ್ನು ಡಬ್ಬಿ ಇಲ್ಲದೆ ಹಾಗೇ ಇಡಬೇಡಿ. ಅದು ಊಟಕ್ಕಾಗಿ ಮಾಡಿದ ಪ್ಲಾಸ್ಟಿಕ್ ಅಲ್ಲ.

ಇಂಥ ಅಂಗಡಿ ಬೇಡ ಅಂತ ನಾನು ಹೇಳುತ್ತಿಲ್ಲ, ಮತ್ತೆ ಬರಲಿ. ಯಾರೇ ಜಾಗ ಕೊಟ್ಟರೂ ಒಂದು ಷರತ್ತು ಹಾಕಲಿ: ಮಾರುವ ಮೇಜಿನ ಪಕ್ಕ ರಿಪೇರಿಗೂ ಒಂದು ಮೇಜು ಇರಬೇಕು. ಊರಿನ ಟೇಲರುಗಳು, ಚಪ್ಪಲಿ ಹೊಲಿಯುವವರು, ಕೊಡೆ ಸರಿಮಾಡುವವರು ಅಲ್ಲಿ ಕೂರಲಿ. ಅಂಗಡಿ ಹೋದ ಮೇಲೂ ಇವರು ಇಲ್ಲೇ ಇರುವವರು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಸಾಮಾನು ಮಾರುವವರ ಜೊತೆಗೆ ಬೀದಿಯಲ್ಲಿ ಕೂತು ಇಂಥ ಸೇವೆ ಮಾಡುವವರಿಗೂ ಅನ್ವಯಿಸುತ್ತದೆ. ವ್ಯಾಪಾರ ವಲಯ ಗುರುತಿಸುವಾಗ ಪಾಲಿಕೆಯವರು ಇವರನ್ನೂ ನೆನಪಿಟ್ಟುಕೊಂಡು ಒಂದು ಸಾಲು ಬಿಟ್ಟುಕೊಟ್ಟರೆ ಸಾಕು.

ಅದೆಲ್ಲ ಆಗಲು ಹೊತ್ತು ಹಿಡಿಯುತ್ತದೆ. ಅಲ್ಲಿಯ ತನಕ, ಚೀಲ ಹೊಲಿಯುವವರು ಒಳಗೊಂದು ಪಟ್ಟಿ ಹಾಕಿ ಫೋನ್ ನಂಬರ್ ಬರೆಯಲಿ. ಹಿಡಿಕೆಯ ಬುಡಕ್ಕೆ ರೆಕ್ಸಿನ್ ಕೊಡಲಿ.

– ಒಬ್ಬ ಟೇಲರ್, ಹಳೇ ಹುಬ್ಬಳ್ಳಿ