ಅದು ಹೆಣ್ಣು ಗಿಳಿಯಲ್ಲ, ಬೇರೆ ಗಿಳಿ

ಮಾನ್ಯ ಸಂಪಾದಕರೇ,

ಮಂಡ್ಯದ ನಮ್ಮ ಬೀದಿಯ ಹೊಂಗೆ ಮರಕ್ಕೆ ಎರಡು ವಾರದಿಂದ ಒಂದು ಗಿಳಿ ಬರುತ್ತಿದೆ. ಕೊರಳಲ್ಲಿ ಪಟ್ಟಿ ಇಲ್ಲದಿರುವುದರಿಂದ ಹೆಣ್ಣು ಗಿಳಿ ಎಂದು ಬೀದಿಯವರೆಲ್ಲ ತೀರ್ಮಾನಿಸಿಬಿಟ್ಟಿದ್ದಾರೆ. ನನಗೆ ಮಾತ್ರ ಮೊದಲ ದಿನವೇ ಅನುಮಾನ. ನಮ್ಮ ಮನೆಯ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಎಳೆದುಕೊಂಡು ಹೋಗಿ ಅದು ಕೊಂಬೆಯ ಕವಲಿಗೆ ಸಿಕ್ಕಿಸಲು ಹೆಣಗುತ್ತಿತ್ತು. ನಮ್ಮ ಗಿಳಿಗಳಿಗೆ ಕಡ್ಡಿ ಯಾತಕ್ಕೆ? ಅವು ಪೊಟರೆಯಲ್ಲೋ ಹಳೆಯ ಗೋಡೆಯ ಸಂದಿಯಲ್ಲೋ ಮೊಟ್ಟೆ ಇಡುತ್ತವೆ.

ಇದು ಮಾಂಕ್ ಪ್ಯಾರಕೀಟ್. ಸಾಕುಹಕ್ಕಿ ಮಾರುವವರ ಬಾಯಲ್ಲಿ ಕ್ವೇಕರ್. ಅರ್ಜೆಂಟೀನಾ, ಉರುಗ್ವೆ ಕಡೆಯದು. ನಮ್ಮ ಹೆಣ್ಣು ಗಿಳಿಗೆ ಎದೆಯೂ ಹಸಿರು, ಕೊಕ್ಕು ಕೆಂಪು. ಇದಕ್ಕೆ ಹಣೆಯಿಂದ ಎದೆಯವರೆಗೆ ಬೂದು ಬಣ್ಣ, ಕೊಕ್ಕು ಮಾಸಲು ಕಂದು, ಹಾರಿದರೆ ರೆಕ್ಕೆಯಲ್ಲಿ ನೀಲಿ. ಉದ್ದ ಸುಮಾರು 29 ಸೆಂಟಿಮೀಟರ್. ನಮ್ಮದು ಬಾಲ ಸೇರಿ 40ರ ಹತ್ತಿರ. ಗಿಳಿಗಳ ಕುಲದಲ್ಲಿ ಕಡ್ಡಿ ಜೋಡಿಸಿ ದೊಡ್ಡ ಗೂಡನ್ನು ಒಟ್ಟಾಗಿ ಕಟ್ಟುವುದಕ್ಕೆ ಹೆಸರಾದದ್ದು ಇದೇ. ಗೂಡೆಂದರೆ ವಠಾರವೇ ಸರಿ: ಹಲವು ಜೋಡಿಗಳು, ಒಂದೊಂದಕ್ಕೂ ಬೇರೆ ಕೋಣೆ, ಬೇರೆ ಬಾಗಿಲು. ಮರಿಗಳು ಹಾರಿಹೋದ ಮೇಲೂ ಖಾಲಿ ಮಾಡುವುದಿಲ್ಲ, ವರ್ಷವಿಡೀ ಅಲ್ಲೇ ಮಲಗುತ್ತವೆ.

ನಾನು 31 ವರ್ಷ ಲೈನ್‌ಮನ್ ಆಗಿದ್ದವನು. ಕಾಗೆ ತಂತಿ ತುಂಡು ತಂದು ಕಂಬದ ಮೇಲೆ ಗೂಡು ಕಟ್ಟಿ, ಲೈನ್ ಟ್ರಿಪ್ ಆಗಿ, ಮಳೆಯಲ್ಲಿ ಏಣಿ ಹೊತ್ತು ಓಡಿದ್ದೇನೆ. (ಬೈಗುಳವೆಲ್ಲ ನಮಗೆ, ಕಾಗೆಗೆ ಯಾರೂ ಬೈಯಲಿಲ್ಲ.) ಪಂಜರದಿಂದ ತಪ್ಪಿಸಿಕೊಂಡ, ಮಾಲೀಕರೇ ಬಿಟ್ಟ ಈ ಗಿಳಿಗಳು ನ್ಯೂಯಾರ್ಕ್, ಬಾರ್ಸಿಲೋನಾಗಳಲ್ಲಿ ಬೀಡುಬಿಟ್ಟಿವೆ, ಅಮೆರಿಕದಲ್ಲಿ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಗೂಡು ಕಟ್ಟಿ ಕರೆಂಟ್ ತೆಗೆಸುತ್ತವೆ. ಅಲ್ಲಿನ ಲೈನ್‌ಮನ್‌ಗಳ ಪಾಡು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಒಂಟಿ ಹಕ್ಕಿಯಿಂದ ಸಂಸಾರ ಬೆಳೆಯುವುದಿಲ್ಲ, ನಿಜ. ಆದರೆ ಸಾಕಿ ಬೇಸರವಾದವರು ಪುಣ್ಯ ಬರುತ್ತದೆಂದು ಪಂಜರದ ಬಾಗಿಲು ತೆರೆದರೆ ಎರಡನೆಯದೂ ಬರುತ್ತದೆ, ಮೂರನೆಯದೂ ಬರುತ್ತದೆ. ಸಾಕಲಾಗದಿದ್ದರೆ ಸಾಕಬಲ್ಲವರ ಕೈಗೆ ಕೊಡಿ. ಮಾರುವವರೂ ಸುಮ್ಮನೆ ‘ಫಾರಿನ್ ಗಿಳಿ’ ಎನ್ನದೆ ಹೆಸರು ಹೇಳಿ ಮಾರಲಿ.

ಕಳೆದುಕೊಂಡವರು ಪಂಜರ ತೆಗೆದುಕೊಂಡು ಬೆಳಿಗ್ಗೆ ಏಳಕ್ಕೆ ಬಂದರೆ ಸಿಗಬಹುದು. ಆ ಹೊತ್ತಿಗೆ ನಮ್ಮ ಕಾಂಪೌಂಡ್ ಮೇಲೆ ಕಡಲೆಕಾಯಿ ತಿನ್ನಲು ಬರುತ್ತದೆ. ಪೊರಕೆಯನ್ನು ಸದ್ಯಕ್ಕೆ ಒಳಗಿಟ್ಟಿದ್ದೇನೆ.

– ನಿವೃತ್ತ ಲೈನ್‌ಮನ್, ಮಂಡ್ಯ